ತಡಿಯಂಡಮೋಳ್ ಹತ್ತುವಾಗ ಕೊನೆಯಲ್ಲಿ ನಡೆಯುವವರು

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1748 ಮೀಟರ್. ಹಾಗೆಂದು ಹತ್ತುವುದು ಕಠಿಣವೇನಲ್ಲ. ಹಗ್ಗ ಬೇಡ, ಬಂಡೆ ಏರುವ ಕಸುಬು ಬೇಡ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಸಾಧಾರಣ ಆರೋಗ್ಯವಿರುವ ಯಾರಾದರೂ ಬೆಳಿಗ್ಗೆ ಹೊರಟು ಸಂಜೆಯೊಳಗೆ ಇಳಿದು ಬರಬಹುದು. ಈ ‘ಸುಲಭ’ ಎಂಬ ಹೆಸರೇ ಅದನ್ನು ಹತ್ತುವವರಿಗೆ ಮುಳುವಾಗುತ್ತದೆ. ಕಾಲೇಜಿನ ಗೆಳೆಯರು, ಆಫೀಸಿನವರು, ಮದುವೆಗೆ ಬಂದ ನೆಂಟರ ಮಕ್ಕಳು ಹತ್ತು ಹನ್ನೆರಡು ಮಂದಿ ಸೇರಿದರೆ ಸಾಕು, ಹೊರಡುವ ತೀರ್ಮಾನವಾಗುತ್ತದೆ. ಗಾಡಿ ಯಾರದ್ದು, ಊಟ ಎಲ್ಲಿ, ಫೋಟೋ ಯಾರ ಫೋನಿನಲ್ಲಿ ಚೆನ್ನಾಗಿ ಬರುತ್ತದೆ ಎಂಬುದೆಲ್ಲ ಚರ್ಚೆಯಾಗುತ್ತದೆ. ಮುಂದೆ ಯಾರು, ಹಿಂದೆ ಯಾರು, ಎಷ್ಟು ಗಂಟೆಗೆ ತಿರುಗಬೇಕು, ಒಬ್ಬರಿಗೆ ಆಗದಿದ್ದರೆ ಉಳಿದವರು ಏನು ಮಾಡಬೇಕು ಎಂಬ ಮಾತು ಬರುವುದೇ ಇಲ್ಲ. ಆಮೇಲೆ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಶುರುವಾಗುವುದು ಇಲ್ಲಿಂದಲೇ.

ಮೊದಲು ದಾರಿಯ ವಿಷಯ ಹೇಳಿಬಿಡುತ್ತೇನೆ. ವಿರಾಜಪೇಟೆಯಿಂದ ಬರುವವರೂ ಮಡಿಕೇರಿಯಿಂದ ನಾಪೋಕ್ಲು ಮೇಲೆ ಬರುವವರೂ ಕಕ್ಕಬ್ಬೆ ಕಡೆಗೆ ಬಂದು ಕೈಕಂಬದಲ್ಲಿ ಇಳಿಯಬೇಕು. ಬಸ್ಸು ಅಲ್ಲಿಗೆ ಸಾಕು. ಅಲ್ಲಿಂದ ನಾಲ್ಕುನಾಡು ಅರಮನೆಗೆ ತೋಟಗಳ ನಡುವೆ ಒಂದು ಏರುದಾರಿ. 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಅರಮನೆ ಇದು. ಕೊಡಗಿನ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಗೆ ಶರಣಾಗುವ ಮೊದಲು ಅಡಗಿದ್ದೂ ಇಲ್ಲಿಯೇ. ಅಡಗಲು ಅರಸನೊಬ್ಬ ಯಾಕೆ ಈ ಜಾಗವನ್ನೇ ಆರಿಸಿಕೊಂಡ ಎಂಬುದು ಅರಮನೆಯ ಮುಂದೆ ನಿಂತು ಸುತ್ತಲಿನ ಕಾಡು, ಬೆಟ್ಟ ನೋಡಿದರೆ ಯಾರೂ ಹೇಳದೆ ತಿಳಿಯುತ್ತದೆ. ಅರಮನೆ ನೋಡುವುದನ್ನು ಇಳಿದು ಬಂದ ಮೇಲಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಅಲ್ಲಿ ಕಳೆದ ಅರ್ಧ ಗಂಟೆ ಸಂಜೆ ಕಾಡಿನೊಳಗೆ ಸಾಲವಾಗಿ ಎದುರು ನಿಲ್ಲುತ್ತದೆ.

ಅನುಮತಿಯ ವಿಚಾರ ಈಗ ಮೊದಲಿನಂತಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಚಾರಣದ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ತಂದಿತು. ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಬಂದದ್ದು ಆ ವರ್ಷವೇ. ಹೊರಡುವ ವಾರದಲ್ಲಿ ದಾರಿ ತೆರೆದಿದೆಯೇ, ಚೆಕ್‌ಪೋಸ್ಟಿನಲ್ಲಿ ಎಷ್ಟು ಗಂಟೆಯವರೆಗೆ ಒಳಗೆ ಬಿಡುತ್ತಾರೆ ಎಂದು ಇಲಾಖೆಯನ್ನೇ ಕೇಳಿ. ಹೋದ ವರ್ಷ ಹೋಗಿ ಬಂದವರ ಮಾತನ್ನು ನಂಬಿ ಹೊರಡಬೇಡಿ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾದಾಗ, ಮಳೆಗಾಲದಲ್ಲಿ ಗುಡ್ಡ ನೆನೆದಾಗ ದಾರಿ ಮುಚ್ಚುವುದುಂಟು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದದ್ದನ್ನು ಕಂಡ ಜಿಲ್ಲೆಯಲ್ಲಿ ಇದು ಬರೀ ಸರ್ಕಾರಿ ನೆಪವಲ್ಲ. ಮೇಲೆ ಟೆಂಟ್ ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಜನವರಿಯ ನಂತರ ಆ ಹುಲ್ಲು ಎಷ್ಟು ಒಣಗಿರುತ್ತದೆ ಎಂದರೆ ಒಂದು ಸಿಗರೇಟಿನ ತುಂಡು ಇಡೀ ಇಳಿಜಾರನ್ನು ಸುಡಬಲ್ಲದು.

ಒಳ್ಳೆಯ ಕಾಲ ಅಂದರೆ ಅಕ್ಟೋಬರ್ ಕೊನೆಯಿಂದ ಜನವರಿ. ಕಾವೇರಿ ಸಂಕ್ರಮಣ ಕಳೆದು ಕೊಡಗಿನ ಸುಗ್ಗಿಹಬ್ಬ ಹುತ್ತರಿ ಬರುವ ಆ ನಡುವಿನ ದಿನಗಳಲ್ಲಿ ಹುಲ್ಲು ಇನ್ನೂ ಹಸಿರಾಗಿರುತ್ತದೆ, ತೋಡುಗಳಲ್ಲಿ ನೀರಿರುತ್ತದೆ, ಆಕಾಶ ತೊಳೆದಂತಿರುತ್ತದೆ. ಮಧ್ಯಾಹ್ನದ ಗುಡುಗು ಮಾತ್ರ ಆಗಲೂ ಬಿಟ್ಟಿರುವುದಿಲ್ಲ. ಡಿಸೆಂಬರ್‌ ಹೊತ್ತಿಗೆ ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ, ಗಾಳಿ ಚುರುಕಾಗುತ್ತದೆ, ಹಗಲು ಚಿಕ್ಕದಾಗುತ್ತದೆ. ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗಿದರೂ ಮರಗಳಡಿ ಅರ್ಧ ಗಂಟೆ ಮೊದಲೇ ಕತ್ತಲು. ಇಡೀ ದಿನದ ಲೆಕ್ಕವನ್ನು ಈ ಕತ್ತಲಿನಿಂದ ಹಿಂದಕ್ಕೆ ಹಾಕಬೇಕು.

ಹಾಕಿ ನೋಡೋಣ. ಅರಮನೆಯಿಂದ ನೆತ್ತಿಗೆ ಸುಮಾರು 7 ಕಿಲೋಮೀಟರ್, ಏರು ಸುಮಾರು 600 ಮೀಟರ್. ಬೆಟ್ಟ ನಡೆಯುವವರು ಬಳಸುವ ಹಳೆಯ ಲೆಕ್ಕ ಒಂದಿದೆ, 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಎಂಬವರು ಹೇಳಿದ್ದು: ಸಮದಾರಿಯಲ್ಲಿ 5 ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ಎರಡೂವರೆ ಗಂಟೆ ಆಗುತ್ತದೆ. ಆದರೆ ಅದು ನಿಲ್ಲದೆ ನಡೆಯುವ, ರೂಢಿಯಿರುವ ಒಬ್ಬರ ಲೆಕ್ಕ. ಹತ್ತು ಜನರ ಗುಂಪಿಗೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಯಾಕೆಂದರೆ ಗುಂಪಿನಲ್ಲಿ ‘ಎರಡು ನಿಮಿಷ ನಿಲ್ಲೋಣ’ ಎಂಬುದು ಎಂದೂ ಎರಡು ನಿಮಿಷವಲ್ಲ. ಒಬ್ಬರು ಲೇಸ್ ಕಟ್ಟುತ್ತಾರೆ. ಅವರು ಎದ್ದಾಗ ಇನ್ನೊಬ್ಬರು ನೀರಿನ ಬಾಟಲಿ ತೆಗೆಯುತ್ತಾರೆ. ಅದನ್ನು ಒಳಗಿಡುವಾಗ ಮೂರನೆಯವರಿಗೆ ಫೋಟೋ ನೆನಪಾಗುತ್ತದೆ. ಒಂದು ನಿಲುಗಡೆ ಹತ್ತು ನಿಮಿಷ ತಿನ್ನುತ್ತದೆ, ಅಂಥವು ಒಂಬತ್ತಾದರೆ ಒಂದೂವರೆ ಗಂಟೆ ಹೋಯಿತು. ಆದ್ದರಿಂದ ನಿಲ್ಲುವುದನ್ನು ಒಟ್ಟಿಗೆ ನಿಲ್ಲಿ: ಹೊರಟ 20 ನಿಮಿಷಕ್ಕೆ ಒಮ್ಮೆ, ಶೂ ಬಿಗಿ ಮಾಡಲು, ಸ್ವೆಟರ್ ತೆಗೆಯಲು. ಆಮೇಲೆ ಮುಕ್ಕಾಲು ಗಂಟೆಗೊಮ್ಮೆ, ಐದಾರು ನಿಮಿಷ, ಎಲ್ಲರೂ ನೀರು ಕುಡಿದು, ಎಲ್ಲರೂ ಎದ್ದು ಹೊರಡುವಂತೆ.

ಬೆಳಿಗ್ಗೆ ಏಳಕ್ಕೆ ಅರಮನೆ ಬಿಟ್ಟರೆ ಹನ್ನೊಂದಕ್ಕೆ ನೆತ್ತಿ, ಹನ್ನೆರಡಕ್ಕೆ ಇಳಿಯಲು ಶುರು, ಮೂರಕ್ಕೆ ಕೆಳಗೆ. ಕತ್ತಲಿಗೆ ಇನ್ನೂ ಎರಡೂವರೆ ಗಂಟೆ ಬಾಕಿ. ಉಳುಕಿದ ಪಾದಕ್ಕೂ ದಾರಿ ತಪ್ಪಿದ ಗಳಿಗೆಗೂ ಬೇಕಾಗುವ ಸಮಯ ಈ ಎರಡೂವರೆ ಗಂಟೆಯೇ. ಹತ್ತಕ್ಕೆ ಹೊರಟ ಗುಂಪಿನ ಹತ್ತಿರ ಅದು ಇರುವುದಿಲ್ಲ. ಎಲ್ಲೇ ಇರಲಿ, ಮಧ್ಯಾಹ್ನ ಒಂದಕ್ಕೆ ತಿರುಗುವುದು ಎಂದು ಕೆಳಗೇ ಮಾತಾಗಬೇಕು. ನೆತ್ತಿ ಕಣ್ಣೆದುರು ಕಾಣುವಾಗ ಈ ನಿರ್ಧಾರವನ್ನು ಯಾರೂ ತೆಗೆದುಕೊಳ್ಳಲಾರರು.

ಗೆಳೆಯರ ಗುಂಪಿಗೂ ಹಣ ಕೊಟ್ಟು ಸೇರುವ ಚಾರಣ ತಂಡಕ್ಕೂ ದೊಡ್ಡ ವ್ಯತ್ಯಾಸವಿದೆ. ತಂಡದಲ್ಲಿ ‘ನಿಲ್ಲಿ’ ಎನ್ನುವ ಅಧಿಕಾರ ಒಬ್ಬರಿಗೆ ಇರುತ್ತದೆ. ಗೆಳೆಯರಲ್ಲಿ ಯಾರಿಗೂ ಇರುವುದಿಲ್ಲ, ಇನ್ನೊಬ್ಬರ ಮೇಲೆ ಯಜಮಾನಿಕೆ ಮಾಡಲು ಎಲ್ಲರಿಗೂ ಮುಜುಗರ. ಹಾಗಾಗಿ ಗಟ್ಟಿ ಕಾಲಿನ ಇಬ್ಬರು ಮುಂದೆ ಓಡುತ್ತಾರೆ, ನಡುವಿನವರು ಹರಟುತ್ತ ಬರುತ್ತಾರೆ, ಒಬ್ಬರು ಹಿಂದೆ ಉಳಿಯುತ್ತಾರೆ. ಮುಂದಿನವರು ಒಂದು ಕಡೆ ಕೂತು ಕಾಯುತ್ತಾರೆ. ಹತ್ತು ನಿಮಿಷದ ಮೇಲೆ ಕೊನೆಯವರು ಏದುಸಿರು ಬಿಡುತ್ತ ಬಂದು ತಲುಪಿದ ಕೂಡಲೇ ‘ಸರಿ, ಬಂದ್ರಲ್ಲ, ಹೋಗೋಣ’ ಎಂದು ಮುಂದಿನವರು ಎದ್ದುಬಿಡುತ್ತಾರೆ. ಆಯಾಸವಿಲ್ಲದವರಿಗೆ ಹತ್ತು ನಿಮಿಷ ವಿಶ್ರಾಂತಿ ಸಿಕ್ಕಿತು. ಬೇಕಿದ್ದವರಿಗೆ ಒಂದು ನಿಮಿಷವೂ ಸಿಗಲಿಲ್ಲ. ಇದು ನಾಲ್ಕೈದು ಸಲ ನಡೆದರೆ ಕೊನೆಯವರ ಕಾಲು ನಿಜವಾಗಿಯೂ ಸೋಲುತ್ತದೆ. ಅವರು ಅಶಕ್ತರಾಗಿದ್ದರು ಎಂದು ಆಮೇಲೆ ಎಲ್ಲರೂ ನಂಬುತ್ತಾರೆ. ಗುಂಪೇ ಅವರನ್ನು ಅಶಕ್ತರನ್ನಾಗಿ ಮಾಡಿತು ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಆಗ ಬರುತ್ತದೆ ಆ ಮಾತು: ‘ನೀವು ಹೋಗ್ತಾ ಇರಿ, ನಾನು ನಿಧಾನಕ್ಕೆ ಬರ್ತೇನೆ.’ ಬೆಟ್ಟದಲ್ಲಿ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಇದು ಉದಾರತನದಿಂದ ಬರುವ ಮಾತು, ನಾಚಿಕೆಯಿಂದ ಬರುವ ಮಾತು. ಕೇಳಿದವರಿಗೂ ಒಪ್ಪಿಕೊಂಡುಬಿಡುವುದು ಹಿತವಾಗಿರುತ್ತದೆ. ಒಪ್ಪಿದ ಕ್ಷಣದಿಂದ ಒಬ್ಬರು ಕಾಡಿನಲ್ಲಿ ಒಂಟಿಯಾಗಿ ನಡೆಯುತ್ತಿರುತ್ತಾರೆ. ದಾರಿ ಕವಲೊಡೆಯುವಲ್ಲಿ ಅವರು ಯಾವ ಕಡೆ ತಿರುಗಿದರು ಎಂದು ನೋಡಿದವರು ಇರುವುದಿಲ್ಲ, ಕಾಲು ಜಾರಿದರೆ ಕೇಳಿಸಿಕೊಳ್ಳುವವರು ಇರುವುದಿಲ್ಲ, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಈ ಮಾತನ್ನು ಯಾರು ಹೇಳಿದರೂ ಉಳಿದವರು ಒಪ್ಪಬಾರದು ಎಂಬುದು ಹೊರಡುವ ಮೊದಲೇ ಗುಂಪಿನ ಒಪ್ಪಂದವಾಗಬೇಕು.

ಇದಕ್ಕೆ ಬೇಕಾದ ವ್ಯವಸ್ಥೆ ಸರಳ. ದಾರಿ ಬಲ್ಲವರು ಅಥವಾ ಫೋನಿನಲ್ಲಿ ನಕ್ಷೆ ಇಳಿಸಿಕೊಂಡವರು ಮುಂದೆ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ, ಆದರೆ ನಕ್ಷೆಯನ್ನು ವಿರಾಜಪೇಟೆಯಲ್ಲಿ ಇರುವಾಗಲೇ ಇಳಿಸಿಕೊಂಡಿರಬೇಕು. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಗರು, ಸಮಾಧಾನದವರು ಕೊನೆಯಲ್ಲಿ. ಅವರ ಹಿಂದೆ ಯಾರೂ ಉಳಿಯುವಂತಿಲ್ಲ, ಅವರ ಚೀಲದಲ್ಲಿ ಮದ್ದಿನ ಪೆಟ್ಟಿಗೆ. ಮುಂದಿನವರನ್ನು ಯಾರೂ ದಾಟುವಂತಿಲ್ಲ. ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದಿನವರ ಬೆನ್ನಿಗೇ, ಎರಡನೆಯವರಾಗಿ ನಡೆಸಿ. ಅವರ ಹೆಜ್ಜೆಯೇ ಗುಂಪಿನ ಹೆಜ್ಜೆಯಾಗುತ್ತದೆ, ಮತ್ತು ಆಶ್ಚರ್ಯವೆಂದರೆ ಹಿಂದೆ ಎಳೆದುಕೊಂಡು ಬರುವಾಗ ಸೋತಿದ್ದವರು ಈ ಜಾಗಕ್ಕೆ ಬಂದ ಮೇಲೆ ಸಲೀಸಾಗಿ ನಡೆಯುತ್ತಾರೆ. ಕವಲು ಬಂದಲ್ಲೆಲ್ಲ ಮುಂದಿನವರು ನಿಂತು, ಕೊನೆಯವರ ಮುಖ ಕಂಡ ಮೇಲೆ ಮುಂದಕ್ಕೆ. ಒಬ್ಬೊಬ್ಬರಿಗೂ ಒಂದೊಂದು ಅಂಕಿ ಕೊಟ್ಟು ಪ್ರತಿ ನಿಲುಗಡೆಯಲ್ಲಿ ಕೂಗಿ ಎಣಿಸಿದರೆ ತಲೆ ಲೆಕ್ಕ ತಪ್ಪುವುದಿಲ್ಲ. ಮುಂದಿನವರಿಗೂ ಹಿಂದಿನವರಿಗೂ ಒಂದೊಂದು ಸೀಟಿ: ಮೂರು ಸಲ ಊದಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಎರಡು ಗುಂಪು ಮಾಡಿ, ಎರಡಕ್ಕೂ ಬೇರೆ ಬೇರೆ ಮುಂದಿನವರು, ಹಿಂದಿನವರು.

ಒಬ್ಬರಿಗೆ ನಿಜಕ್ಕೂ ಆಗದಿದ್ದರೆ? ಇಬ್ಬರು ಅವರ ಜೊತೆ ಕೆಳಗೆ ಇಳಿಯಬೇಕು, ಆ ಇಬ್ಬರಲ್ಲಿ ಒಬ್ಬರಿಗಾದರೂ ದಾರಿ ಗೊತ್ತಿರಬೇಕು. ‘ಇಲ್ಲೇ ಬಂಡೆ ಹತ್ತಿರ ಕೂತಿರು, ನಾವು ಬರುವಾಗ ಕರ್ಕೊಂಡು ಹೋಗ್ತೇವೆ’ ಎಂದು ಬಿಟ್ಟುಹೋಗುವುದು ಪದ್ಧತಿಯಂತಾಗಿದೆ. ಬೆವರಿ ಒದ್ದೆಯಾದ ಮೈಗೆ ಗಾಳಿ ತಾಗಿ ಅರ್ಧ ಗಂಟೆಯಲ್ಲಿ ನಡುಕ ಹತ್ತುತ್ತದೆ. ಮಂಜು ಇಳಿದರೆ ಕೂತವರಿಗೆ ಹೆದರಿಕೆಯಾಗಿ ಎದ್ದು ಹುಡುಕಲು ಹೊರಡುತ್ತಾರೆ. ಅವರು ಕೂತಲ್ಲೇ ಕೂತಿರುತ್ತಾರೆ ಎಂಬ ನಂಬಿಕೆಯ ಮೇಲೆ ಯೋಜನೆ ಕಟ್ಟಬೇಡಿ.

ಮುಂಚೆಯೇ ಕೇಳಿಕೊಳ್ಳಬೇಕಾದ್ದೂ ಇದೆ. ಯಾರಿಗೆ ಉಬ್ಬಸ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಂಡಿಗೆ ಹಳೆಯ ಪೆಟ್ಟು, ಯಾರಿಗೆ ಜೇನು ಕಚ್ಚಿದರೆ ಮೈ ಬಾಯುತ್ತದೆ. ಎಲ್ಲರ ಎದುರು ಹೇಳಲು ಸಂಕೋಚವಿದ್ದರೆ ಹಿಂದೆ ನಡೆಯುವ ಒಬ್ಬರಿಗೆ ಹೇಳಿದರೂ ಸಾಕು. ಇನ್‌ಹೇಲರ್ ಗಾಡಿಯಲ್ಲಿ ಉಳಿಯಬಾರದು. ವರ್ಷವೆಲ್ಲ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ನಾಲ್ಕು ವಾರ ಮುಂಚಿತವಾಗಿ ವಾರಕ್ಕೆ ಮೂರು ದಿನ 5 ಕಿಲೋಮೀಟರ್ ನಡೆದು, ಮೆಟ್ಟಿಲು ಹತ್ತಿ ಇಳಿದು ರೂಢಿ ಮಾಡಿಕೊಂಡರೆ ಬೆಟ್ಟದಲ್ಲಿ ಬೇರೆಯೇ ಮನುಷ್ಯರಾಗಿರುತ್ತಾರೆ. ಇಳಿಯುವ ಅಭ್ಯಾಸ ವಿಶೇಷವಾಗಿ ಬೇಕು. ಮರುದಿನ ತೊಡೆ ಹಿಡಿದುಕೊಳ್ಳುವುದು ಬಹುಪಾಲು ಇಳಿದದ್ದರಿಂದ.

ಚೀಲ. ನೀರು ಒಬ್ಬರಿಗೆ ಎರಡೂವರೆ ಲೀಟರ್, ಅಂದರೆ ಎರಡೂವರೆ ಕಿಲೋ ತೂಕ. ಅದಕ್ಕಾಗಿ ಉಳಿದದ್ದೆಲ್ಲ ಹಗುರ ಇರಲಿ. ಕೆಳಗಿನ ತೋಡುಗಳಲ್ಲಿ ನೀರು ಸಿಗುತ್ತದೆ, ಆದರೆ ದನ, ಕಾಡುಪ್ರಾಣಿ ಓಡಾಡುವ ಜಾಗ. ಸೋಸಿ, ಕ್ಲೋರಿನ್ ಮಾತ್ರೆ ಹಾಕಿ ಅದರ ಪ್ಯಾಕೆಟ್ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಕುಡಿಯಿರಿ. ಮೇಲಿನ ಹುಲ್ಲುಬಯಲಿನಲ್ಲಿ ಸಿಗುವ ದೊಡ್ಡ ಬಂಡೆ ದಾಟಿದ ಮೇಲೆ ನೀರನ್ನು ನೆಚ್ಚಬೇಡಿ. ಬರೀ ನೀರು ಕುಡಿಯುತ್ತ ಬೆವರು ಸುರಿಸಿದರೆ ಉಪ್ಪು ಕಡಿಮೆಯಾಗಿ ತಲೆ ಹಗುರಾಗುತ್ತದೆ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಉಪಕಾರಕ್ಕಿಂತ ಅಪಕಾರ.

ತಿನ್ನಲು ಕೊಡಗಿನ ಅಡುಗೆಮನೆಯೇ ಒಳ್ಳೆಯದು ಕೊಡುತ್ತದೆ. ಅನ್ನ ಕಲಸಿ ತಟ್ಟಿದ ಅಕ್ಕಿ ಒಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ, ಜೊತೆಗೆ ಎಳ್ಳಿನ ಪಜ್ಜಿ, ಅಂದರೆ ಚಟ್ನಿ. ಅಕ್ಕಿತರಿಯ ಉಂಡೆ ಕಡಂಬುಟ್ಟು ಹೊಟ್ಟೆಗೆ ಭಾರವಾಗದೆ ಶಕ್ತಿ ಕೊಡುತ್ತದೆ. ಬಾಳೆಹಣ್ಣು, ಬೆಲ್ಲ, ಹುರಿದ ಕಡಲೆಬೀಜ, ಕಾಲವಾಗಿದ್ದರೆ ಕಿತ್ತಳೆ. ಚಿಪ್ಸ್ ಪೊಟ್ಟಣ ಬಾಯಾರಿಕೆ ಹೆಚ್ಚಿಸುತ್ತದೆ, ಮೇಲೆ ಅದರ ಖಾಲಿ ಹೊದಿಕೆ ಗಾಳಿಗೆ ಹಾರಿ ಕಣಿವೆಗೆ ಬೀಳುತ್ತದೆ. ಹಸಿದ ಮೇಲೆ ಒಟ್ಟಿಗೆ ತಿನ್ನುವ ಬದಲು ಪ್ರತಿ ನಿಲುಗಡೆಯಲ್ಲಿ ಒಂದು ಹಿಡಿ ತಿನ್ನುತ್ತ ಹೋಗಿ. ಕಿತ್ತಳೆ ಸಿಪ್ಪೆಯೂ ವಾಪಸ್ ಬರಬೇಕು, ಅದು ಬೇಗ ಕೊಳೆಯುವುದಿಲ್ಲ.

ಹತ್ತಿಯ ಬಟ್ಟೆ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ನೆತ್ತಿಯ ಗಾಳಿಗೆ ಅದು ಹಿಮದ ಹಾಗೆ ಮೈಗೆ ಅಂಟುತ್ತದೆ. ಬೇಗ ಒಣಗುವ ಅಂಗಿ ಹಾಕಿ, ಇನ್ನೊಂದು ಒಣ ಅಂಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಳ್ಳಿ. ಶೂ ಹೊಸದಾಗಿರಬಾರದು, ತಳ ಸವೆದೂ ಇರಬಾರದು. ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿ, ಇಳಿಯುವಾಗ ಬೆರಳು ಶೂಗೆ ಗುದ್ದಿ ಉಗುರು ಕಪ್ಪಾಗುವುದು ತಪ್ಪುತ್ತದೆ. ಹಿಮ್ಮಡಿ ಬಿಸಿಯಾದಂತೆ ಅನಿಸಿದ ಕೂಡಲೇ ನಿಂತು ಟೇಪ್ ಹಾಕಿ. ಗುಳ್ಳೆ ಎದ್ದ ಮೇಲೆ ಹಾಕುವ ಟೇಪ್ ನೋವು ಮರೆಸುತ್ತದೆ, ಅಷ್ಟೇ. ಒಬ್ಬರಿಗೊಂದು ಹೆಡ್ ಟಾರ್ಚ್, ಹಗಲಲ್ಲೇ ಇಳಿಯುವ ಯೋಚನೆ ಇದ್ದರೂ.

ಇನ್ನು ಜಿಗಣೆ. ಮಳೆಗಾಲದಲ್ಲೂ ಅದು ಮುಗಿದ ಕೆಲವು ವಾರವೂ ಒದ್ದೆ ತರಗೆಲೆಯ ಮೇಲೆ ಕಾದು ಕೂತಿರುತ್ತವೆ. ಉಸಿರು, ಮೈಬಿಸಿ, ನೆಲದ ಅದುರು ಇವುಗಳಿಂದ ಆಳು ಬಂದದ್ದು ಅವಕ್ಕೆ ತಿಳಿಯುತ್ತದೆ. ಮುಂದೆ ಹೋದವರು ಎಬ್ಬಿಸಿ ಹೋಗುತ್ತಾರೆ, ಹತ್ತುವುದು ಹಿಂದೆ ಬಂದವರಿಗೆ. ಕೊನೆಯಲ್ಲಿ ನಡೆಯುವವರಿಗೆ ಇದೂ ಒಂದು ಪಾಲು. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಅಥವಾ ಮೊಣಕಾಲುವರೆಗಿನ ಜಿಗಣೆ ಸಾಕ್ಸ್ ಹಾಕಿ. ಸುಣ್ಣ, ಹೊಗೆಸೊಪ್ಪಿನ ನೀರು ಸಾಕ್ಸಿಗೆ ಸವರುವುದು ತೋಟದ ಕೆಲಸದವರ ಹಳೆಯ ಉಪಾಯ, ಕೆಲಸ ಮಾಡುತ್ತದೆ, ತೋಡು ದಾಟಿದರೆ ತೊಳೆದು ಹೋಗುತ್ತದೆ. ಕಚ್ಚಿಕೊಂಡಿದ್ದರೆ ಎಳೆಯಬೇಡಿ, ಕಚ್ಚಿದ ಜಾಗಕ್ಕೇ ಉಪ್ಪು, ಬೆಂಕಿ ತಾಗಿಸಬೇಡಿ. ಗಾಬರಿಗೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೆ ಕಕ್ಕಬಹುದು. ಸಣ್ಣ ತುದಿಯ ಪಕ್ಕ ಉಗುರು ಒತ್ತಿ ಚರ್ಮದಿಂದ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಟ್ಟಿರುವುದರಿಂದ ಗಾಯ ತುಸು ಹೊತ್ತು ಒಸರುತ್ತದೆ. ತೊಳೆದು ಒತ್ತಿ ಹಿಡಿದರೆ ಸಾಕು, ಹೆದರುವಂಥದ್ದಿಲ್ಲ.

ಅರಮನೆಯಿಂದ ಮೊದಲ ಮೂರು ಕಿಲೋಮೀಟರಿನಷ್ಟು ತೋಟ, ಮನೆಗಳ ನಡುವಿನ ಜೀಪು ಓಡುವ ದಾರಿ. ಇದನ್ನು ಜೀಪಿನಲ್ಲಿ ಮುಗಿಸುವವರಿದ್ದಾರೆ, ತಪ್ಪೇನಿಲ್ಲ. ನಡೆಯುವವರು ಇಲ್ಲಿ ಬೇಕೆಂದೇ ನಿಧಾನವಾಗಬೇಕು. ಪೂರ್ತಿ ಒಂದು ವಾಕ್ಯ ಮಾತಾಡುವಾಗ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತು ಎಂದರ್ಥ. ಡಿಸೆಂಬರಿನಿಂದ ಕಾಫಿ ಕೊಯ್ಲಿನ ಕಾಲ, ದಾರಿಯಲ್ಲಿ ಕೆಲಸದವರಿರುತ್ತಾರೆ, ಕಣದಲ್ಲಿ ಹಣ್ಣು ಹರಡಿರುತ್ತದೆ. ಸ್ಪೀಕರ್ ಹಾಕಿಕೊಂಡು ಹೋಗುವುದು, ಗಿಡಕ್ಕೆ ಕೈ ಹಾಕುವುದು ಬೇಡ. ಇದು ಊರವರ ಮನೆಯಂಗಳ. ಹತ್ತಿರದಲ್ಲೇ ಪಾಡಿ ಇಗ್ಗುತಪ್ಪನ ಸನ್ನಿಧಿ. ಮಳೆ ಬೆಳೆಯ ದೇವರೆಂದು ಕೊಡವರು ನಂಬಿದ ಇಗ್ಗುತಪ್ಪನ ಎದುರು ಹುತ್ತರಿಯ ಮುಹೂರ್ತ ಗೊತ್ತಾಗುತ್ತದೆ. ಈ ಬೆಟ್ಟಸಾಲನ್ನು ನೋಡಿ ಕೈಮುಗಿಯುವವರ ನಡುವೆ ನಡೆಯುತ್ತಿದ್ದೇವೆ ಎಂಬ ಅರಿವು ಇರಬೇಕು.

ಕಕ್ಕಬ್ಬೆ ಜೇನಿಗೆ ಹೆಸರಾದ ಊರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನನ್ನು ನಾಶ ಮಾಡಿದಾಗ ಕೊಡಗಿನ ಪೆಟ್ಟಿಗೆಗಳೂ ಖಾಲಿಯಾದವು. ಆ ಪೆಟ್ಟಿಗೆ ಜೇನಿನಿಂದ ಚಾರಣಿಗರಿಗೆ ತೊಂದರೆಯಿಲ್ಲ. ಬಂಡೆ, ದೊಡ್ಡ ಮರಗಳಲ್ಲಿ ಕಟ್ಟುವ ಹೆಜ್ಜೇನಿನ ಎದುರು ಹುಷಾರಿರಬೇಕು. ಘಾಟು ಸುಗಂಧ, ಹೊಗೆ, ಕಲ್ಲೆಸೆತ ಮೂರೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಪೊದೆಗಳ ನಡುವೆ ದೂರ ಓಡಿ, ಕೈ ಬೀಸುತ್ತ ನಿಲ್ಲಬೇಡಿ. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ತುಟಿ ಬಾತು ಉಸಿರು ಕಟ್ಟಿದರೆ ಬೆಟ್ಟದ ಮಾತು ಬಿಟ್ಟು ನೇರ ಆಸ್ಪತ್ರೆಗೆ.

ಆನೆ ಈ ಕಾಡಿನ, ಈ ತೋಟಗಳ ನಿವಾಸಿ. ಮುಂಜಾನೆ ಮತ್ತು ಮುಸ್ಸಂಜೆ ಅದರ ಓಡಾಟ ಹೆಚ್ಚು. ಬಿಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ, ಹತ್ತಿರದಲ್ಲಿ ಟೊಂಗೆ ಲಟಕ್ಕೆಂದ ಸದ್ದು ಇದ್ದರೆ ಎಲ್ಲರೂ ಒತ್ತಾಗಿ ನಿಂತು, ಮಾತು ನಿಲ್ಲಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಕಾಯಬೇಕು. ಚೆಕ್‌ಪೋಸ್ಟಿನವರು ‘ಇವತ್ತು ಬೇಡ’ ಅಂದರೆ ವಾದಿಸಬೇಡಿ. ಒಂಟಿಸಲಗ ಎಲ್ಲಿದೆ ಎಂಬ ಸುದ್ದಿ ಅವರಿಗೆ ಇರುತ್ತದೆ. ಚದುರಿದ ಗುಂಪಿನ ಅಪಾಯ ಇಲ್ಲಿ ಇನ್ನೂ ದೊಡ್ಡದು: ಮುಂದಿನ ನಾಲ್ವರು ದಾಟಿದ ಮೇಲೆ ಆನೆ ದಾರಿಗಿಳಿದರೆ ಹಿಂದಿನವರು ಅದರ ಆಚೆಗೆ.

ಚೆಕ್‌ಪೋಸ್ಟ್ ದಾಟಿದ ಮೇಲೆ ದಾರಿ ಕಿರಿದಾಗುತ್ತ, ಕಾಡು ತೆರೆಯುತ್ತ ಹುಲ್ಲುಗಾವಲಿಗೆ ಬರುತ್ತದೆ. ಪಶ್ಚಿಮ ಘಟ್ಟದ ಶೋಲಾ ಎಂದರೆ ಇದೇ. ನೀರು ಇಳಿಯುವ ಮಡಿಲುಗಳಲ್ಲಿ ಮಾತ್ರ ದಟ್ಟ ಮರ, ಗಾಳಿ ಬಡಿಯುವ ಬೆನ್ನಿನ ಮೇಲೆಲ್ಲ ಹುಲ್ಲು. ಹುಲ್ಲು ಮಳೆಯನ್ನು ಹಿಡಿಯುತ್ತದೆ, ಶೋಲಾದ ಸ್ಪಂಜಿನಂಥ ಮಣ್ಣು ಅದನ್ನು ತಿಂಗಳುಗಟ್ಟಲೆ ತೋಡಿಗೆ ಬಿಡುತ್ತದೆ. ದಾರಿ ಬಿಟ್ಟು ಅಡ್ಡ ಹಾಯ್ದ ಪ್ರತಿ ಹೆಜ್ಜೆಯೂ ಆ ಹುಲ್ಲನ್ನು ಕಿತ್ತು ಹೊಸ ಕೊರಕಲು ಮಾಡುತ್ತದೆ, ಮುಂದಿನ ಮಳೆ ಅದನ್ನು ಚರಂಡಿ ಮಾಡುತ್ತದೆ. ಮಂಜಿನಲ್ಲಿ ದಾರಿ ತಪ್ಪಿಸುವುದೂ ಈ ಅಡ್ಡದಾರಿಗಳೇ. ಎಲ್ಲವೂ ಒಂದೇ ಥರ ಕಾಣುತ್ತವೆ, ಕೆಲವು ದನದ ಜಾಡು, ಕೆಲವು ಎಲ್ಲಿಗೂ ಹೋಗುವುದಿಲ್ಲ. ಮಂಜು ಕವಿದರೆ ಒಬ್ಬರ ಬೆನ್ನು ಇನ್ನೊಬ್ಬರಿಗೆ ಕಾಣುವಷ್ಟು ಹತ್ತಿರ ನಡೆಯಿರಿ. ದಾರಿ ಅನುಮಾನವಾದರೆ ನಿಂತು, ಕೊನೆಯದಾಗಿ ಖಾತ್ರಿಯಿದ್ದ ಜಾಗಕ್ಕೆ ಎಲ್ಲರೂ ಒಟ್ಟಿಗೆ ಹಿಂದಿರುಗಿ. ನಾಲ್ಕು ಜನ ನಾಲ್ಕು ದಿಕ್ಕಿಗೆ ಹುಡುಕಲು ಹೋಗುವುದರಿಂದ ತಪ್ಪಿಹೋದವರ ಸಂಖ್ಯೆ ನಾಲ್ಕಾಗುತ್ತದೆ. ಸಿಗ್ನಲ್ ಸಿಕ್ಕರೆ 112.

ಬಯಲಿನಲ್ಲಿರುವ ದೊಡ್ಡ ಬಂಡೆಯ ಹತ್ತಿರ ಎಲ್ಲ ಗುಂಪುಗಳೂ ನಿಲ್ಲುತ್ತವೆ. ನಿಲ್ಲಲು ಯೋಗ್ಯ ಜಾಗ, ಮುಂದುವರಿಯಬೇಕೇ ಎಂದು ಯೋಚಿಸಲೂ ಯೋಗ್ಯ ಜಾಗ. ಇಲ್ಲಿ ಗಡಿಯಾರ ನೋಡಿ, ಪ್ರತಿಯೊಬ್ಬರ ಬಾಟಲಿ ನೋಡಿ, ಮಾತು ಕಡಿಮೆಯಾದವರ ಮುಖ ನೋಡಿ. ಹರಟುತ್ತಿದ್ದವರು ಸುಮ್ಮನಾಗಿದ್ದರೆ ಅದು ದಣಿವಿನ ಮೊದಲ ಗುರುತು. ಯಾರೂ ಕೇಳದೆ ಅವರ ಚೀಲದ ಭಾರವನ್ನು ಇಬ್ಬರು ಹಂಚಿಕೊಂಡರೆ ಆ ಗುಂಪು ನೆತ್ತಿ ಮುಟ್ಟುತ್ತದೆ.

ಅಲ್ಲಿಂದ ಏರು ಕಡಿದಾಗುತ್ತದೆ. ಬಿಸಿಲಿಗೆ ಮರೆಯಿಲ್ಲ, ಟೋಪಿ ಬೇಕೇ ಬೇಕು. ಪಾದದ ಅರ್ಧದಷ್ಟು ಚಿಕ್ಕ ಹೆಜ್ಜೆ ಇಟ್ಟು, ಪ್ರತಿ ಹೆಜ್ಜೆಗೂ ಕೆಳಗಿನ ಮಂಡಿ ನೆಟ್ಟಗೆ ಮಾಡಿ ಭಾರವನ್ನು ಮೂಳೆಯ ಮೇಲೆ ಬಿಟ್ಟರೆ ಮಾಂಸಖಂಡಕ್ಕೆ ಅರೆಕ್ಷಣ ಬಿಡುವು ಸಿಗುತ್ತದೆ. ಕೊನೆಯ ಭಾಗ ಶೋಲಾದೊಳಗಿಂದ: ಬೇರು, ಒದ್ದೆ ಮಣ್ಣು, ತಂಪು. ಇಲ್ಲಿ ಒಬ್ಬರಿಗೊಬ್ಬರು ಎರಡು ಮೂರು ಹೆಜ್ಜೆ ಅಂತರ ಬಿಡಬೇಕು. ಜಾರಿದವರು ಕೆಳಗಿನವರ ಮೇಲೆ ಬೀಳದಂತೆ, ಮೇಲಿನವರ ಕಾಲಿಗೆ ಸಿಕ್ಕ ಕಲ್ಲು ತಲೆಗೆ ಬಡಿಯದಂತೆ. ಮರ ಮುಗಿದ ಕೂಡಲೇ ನೆತ್ತಿ. ತಿಳಿ ದಿನಗಳಲ್ಲಿ ಪಡುವಣಕ್ಕೆ ಕೇರಳದ ಬಯಲು, ಅದರಾಚೆ ಅರಬ್ಬೀ ಸಮುದ್ರದ ಗೆರೆ. ಮೂಡಣಕ್ಕೆ ಕೊಡಗು, ತೋಟದ ಮರಗಳ ಕಡುಹಸಿರಿನಲ್ಲಿ ಅಲ್ಲಲ್ಲಿ ತುಂಡು ಗದ್ದೆಗಳು. ಒಣ ಅಂಗಿ ಹಾಕಿಕೊಂಡು, ತಿಂದು, ಮುಕ್ಕಾಲು ಗಂಟೆ ಕೂತು ನೋಡಿ. ಅಂಚಿನಲ್ಲಿ ಹಿಂದೆ ಹಿಂದೆ ಸರಿಯುತ್ತ ಸೆಲ್ಫಿ ತೆಗೆಯುವುದು ಬೇಡ, ಹುಲ್ಲು ಜಾರುತ್ತದೆ.

ಮೋಡ ಕಪ್ಪಾಗಿ ಗುಡುಗು ಕೇಳಿದರೆ ಲೆಕ್ಕ ಸರಳ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ, ಬೋಳು ನೆತ್ತಿಯ ಮೇಲೆ ನೀವೇ ಎಲ್ಲಕ್ಕಿಂತ ಎತ್ತರದ ವಸ್ತು. ಕೂಡಲೇ ಇಳಿಯಿರಿ, ಒಂಟಿ ಮರದಡಿ ನಿಲ್ಲಬೇಡಿ, ಒಬ್ಬರಿಗೊಬ್ಬರು ದೂರ ಸರಿಯಿರಿ. ಗುಂಪು ಚದುರಬೇಕಾದ ಒಂದೇ ಸಂದರ್ಭ ಇದು, ಅದೂ ಕಣ್ಣಳತೆಯೊಳಗೆ.

ಹೆಣ್ಣುಮಕ್ಕಳಿರುವ ಗುಂಪುಗಳಲ್ಲಿ ನೀರೇ ಕುಡಿಯದೆ ನಡೆಯುವವರಿದ್ದಾರೆ, ಕಾರಣ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಿಲುಗಡೆಗಳಲ್ಲಿ ಒಂದು ದಿಕ್ಕು ಹೆಂಗಸರದ್ದು, ಒಂದು ದಿಕ್ಕು ಗಂಡಸರದ್ದು ಎಂದು ಮೊದಲೇ ಹೇಳಿಬಿಟ್ಟರೆ ಈ ಕಷ್ಟ ಮುಗಿಯಿತು. ಇಬ್ಬಿಬ್ಬರಾಗಿ ಹೋಗಿ, ತೋಡಿನಿಂದ 60 ಮೀಟರ್ ದೂರ, ಬೇಕಿದ್ದರೆ ಗೇಣುದ್ದದ ಗುಂಡಿ ತೋಡಿ ಮುಚ್ಚಿ. ಪ್ಯಾಡ್, ಟಿಶ್ಯೂ ಚೀಲದಲ್ಲೇ ವಾಪಸ್.

ಕಾಲು ಉಳುಕುವುದು ಇಳಿಯುವಾಗ. ಮನಸ್ಸು ಆಗಲೇ ಕೆಳಗೆ ತಲುಪಿರುತ್ತದೆ, ತೊಡೆ ದಣಿದಿರುತ್ತದೆ, ಜೀಪು ದಾರಿಯ ಸಡಿಲ ಜಲ್ಲಿ ಕಾಲಡಿ ಉರುಳುತ್ತದೆ. ಮಂಡಿ ತುಸು ಬಾಗಿಸಿ, ಪಾದವನ್ನು ಪೂರ್ತಿ ಊರಿ, ಚಿಕ್ಕ ಹೆಜ್ಜೆಯಲ್ಲಿ ಇಳಿಯಿರಿ. ಊರುಗೋಲು ಇದ್ದರೆ ಐದು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ಓಡಬೇಡಿ. ಉಳುಕಿದರೆ ಶೂ ಕಳಚದೆ ಅದರ ಮೇಲಿಂದಲೇ ಕ್ರೇಪ್ ಬ್ಯಾಂಡೇಜ್ ಸುತ್ತಿ. ಶೂ ತೆಗೆದರೆ ಬಾತ ಪಾದ ಮತ್ತೆ ಒಳಗೆ ಹೋಗುವುದಿಲ್ಲ. ಊರಲು ಆಗದಷ್ಟು ನೋವಿದ್ದರೆ ಇಬ್ಬರು ಕೆಳಗಿಳಿದು ಚೆಕ್‌ಪೋಸ್ಟಿನವರಿಗೆ ಹೇಳಲಿ, ಉಳಿದವರು ಗಾಯಾಳುವಿನ ಜೊತೆ ಇರಲಿ. ಹಾವು ಕಚ್ಚಿದರೂ ಹಾಗೆಯೇ: ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ, ಉಂಗುರ ಕಾಲುಗೆಜ್ಜೆ ತೆಗೆದು, ಅಂಗವನ್ನು ಅಲುಗಾಡಿಸದೆ ಹೊತ್ತು ತನ್ನಿ. ವಿರಾಜಪೇಟೆಯಲ್ಲೂ ಮಡಿಕೇರಿಯಲ್ಲೂ ಸರ್ಕಾರಿ ಆಸ್ಪತ್ರೆ ಇದೆ, 108 ಕರೆದರೆ ರಸ್ತೆಯವರೆಗೆ ಆಂಬುಲೆನ್ಸ್.

ಚೆಕ್‌ಪೋಸ್ಟಿನಲ್ಲಿ ಮತ್ತೊಮ್ಮೆ ಎಣಿಸಿ, ಇಳಿದದ್ದನ್ನು ಅವರಿಗೆ ತಿಳಿಸಿ. ಇಲ್ಲದಿದ್ದರೆ ಸಂಜೆ ಅವರು ನಿಮ್ಮನ್ನು ಕಾಯುತ್ತ ಕೂರಬೇಕಾಗುತ್ತದೆ. ಸಾಕ್ಸ್ ತಿರುವಿ ಜಿಗಣೆ ನೋಡಿಕೊಂಡು ಗಾಡಿ ಹತ್ತಿ. ಬೆಂಗಳೂರು ಸುಮಾರು 270 ಕಿಲೋಮೀಟರ್, ಆರೇಳು ಗಂಟೆಯ ದಾರಿ, ಮತ್ತು ಗಾಡಿ ಓಡಿಸುವವರೂ ಬೆಟ್ಟ ಹತ್ತಿ ಇಳಿದವರೇ. ತಿತಿಮತಿ, ಆನೆಚೌಕೂರಿನ ಕಾಡಿನ ರಸ್ತೆಯಲ್ಲಿ ಮುಸ್ಸಂಜೆಗೆ ಆನೆ ದಾಟುತ್ತವೆ. ಹಿಂದಿನ ಸೀಟಿನವರೆಲ್ಲ ನಿದ್ದೆ ಹೋದ ಕಾರಿನಲ್ಲಿ ಒಬ್ಬರೇ ಎಚ್ಚರವಿರುವುದು ಕಾಡಿನಲ್ಲಿ ಒಬ್ಬರನ್ನು ಹಿಂದೆ ಬಿಟ್ಟಷ್ಟೇ ಕೆಟ್ಟದ್ದು. ಭಾನುವಾರ ಹತ್ತುವ ಬದಲು ಶನಿವಾರ ಹತ್ತಿ, ಆ ರಾತ್ರಿ ಕಕ್ಕಬ್ಬೆಯಲ್ಲೋ ವಿರಾಜಪೇಟೆಯಲ್ಲೋ ಉಳಿದು, ಬಿಸಿನೀರು ಸ್ನಾನ ಮಾಡಿ ಮಲಗಿ. ಬೆಳಿಗ್ಗೆ ಉಳಿಸಿಟ್ಟ ಅರಮನೆ ನೋಡಿಕೊಂಡು ಹೊರಟರೆ ಮಧ್ಯಾಹ್ನದ ಊಟಕ್ಕೆ ಮೈಸೂರು ತಲುಪುತ್ತೀರಿ.